ಹಡಗು ಹತ್ತೋಕ್ಕಿಂತ ಮೊದಲು

ಬೆಣ್ಣಿಹಳ್ಳದ ದಂಡಿಯವರಾದ ನಮಗ ಸಮುದ್ರ ದೂರದ ಮಾತು. ಆದ್ರ ಹುಬ್ಬಳ್ಳಿಯಿಂದ ರೈಲು ಹತ್ತಿ ವಾಸ್ಕೋದಾಗ ಇಳಿದ್ರ, ಕ್ರೂಸ್ ಹಡಗು ಬರೋ ಮುರ್ಮುಗಾವ್ ಬಂದರು ಅಲ್ಲೇ ಅದ. ಹೊಟ್ಟಿ ತೊಳಸಬಾರದು ಅಂದ್ರ ಕೆಳಗಿನ ಮಹಡಿಯ ನಡುವಿನ ಕೋಣೆ ಹಿಡೀರಿ. ತೂಗಾಟ ತುದಿಗಳಲ್ಲೇ ಹೆಚ್ಚು, ಮೆಕ್ಯಾನಿಕಲ್‌ನವರಿಗೆ ಬೇರೆ ಹೇಳಬೇಕಿಲ್ಲ. ಊಟಕ್ಕ ಮುಂಚೆ ಸೋಪು ಹಚ್ಚಿ ಕೈ ತೊಳೀರಿ, ನೊರೊವೈರಸ್‌ಗೆ ಸ್ಯಾನಿಟೈಸರ್ ಸಾಲೋದಿಲ್ಲ.

ಸುರಕ್ಷತಾ ಡ್ರಿಲ್ ಇದ್ದಾಗ ಮಾತ್ರ ಸೆಲ್ಫಿ ಬಿಡ್ರಿ. 2012ರ ಜನವರಿ 13ರಂದು ಇಟಲಿ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಆ ದಿನವೇ ಹತ್ತಿದ ನೂರಾರು ಮಂದಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. 2015ರಿಂದ ಹಡಗು ಹೊರಡೋ ಮುಂಚೆ ಇಲ್ಲಾ ಹೊರಟ ಕೂಡಲೇ ಅದನ್ನ ಮಾಡಿಸಲೇಬೇಕು. ಏಳು ಸಣ್ಣ, ಒಂದು ಉದ್ದ ಸೈರನ್ ಕೇಳಿದ್ರ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡೀರಿ, ಡ್ರಿಲ್‌ನಾಗ ತೋರಿಸಿದ ಜಾಗಕ್ಕ ಹೋಗ್ರಿ. ಬ್ಯಾಗಿಗೆ ಅಂತ ಕೋಣೆಗೆ ತಿರುಗಬ್ಯಾಡ್ರಿ.