ಟಕ್ ಎಂದ ಮೇಲಿನ ನಡುಕ

ಮೇ ತಿಂಗಳ ಕಲಬುರಗಿ. ಹೊತ್ತು ಹನ್ನೊಂದಾಗುವುದರೊಳಗೆ ಹುಮನಾಬಾದ್ ರಸ್ತೆಯ ಡಾಂಬರು ಚಪ್ಪಲಿಗೆ ಅಂಟತೊಡಗುತ್ತದೆ. ರಸ್ತೆ ಬದಿಯ ಗ್ಯಾರೇಜಿಗೆ ತಗಡಿನ ಛಾವಣಿಗಿಂತ ಪಕ್ಕದ ಬೇವಿನಮರವೇ ದೊಡ್ಡ ಆಸರೆ. ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಆಯಿಲ್ ಕುಡಿದು ಕುಡಿದು ತನ್ನ ಬಣ್ಣವನ್ನೇ ಮರೆತಿದೆ. ಹುಡುಗನೊಬ್ಬ ಕುಕ್ಕರಗಾಲಲ್ಲಿ ಕೂತು ಪೆಟ್ರೋಲಿನ ಡಬ್ಬಿಯಲ್ಲಿ ನಟ್ಟು ಬೋಲ್ಟು ತೊಳೆಯುತ್ತಿದ್ದಾನೆ.

ಬಿಳಿ ಕಾರೊಂದು ಬಂದು ನೆರಳಲ್ಲಿ ನಿಲ್ಲುತ್ತದೆ. ಇಳಿದವರು ಶಾಲಾ ಮಾಸ್ತರು. ಅಂಗಿಯ ಬೆನ್ನು ಪೂರ್ತಿ ತೊಯ್ದಿದೆ.

“ಎಸಿ ಹಾಕಿದ್ರ ಸಾಕು, ಗಾಡಿ ಗಡಗಡ ನಡಗ್ಲತ್ತದ ಉಸ್ತಾದ್. ಸಿಗ್ನಲ್‌ನ್ಯಾಗ ನಿಂತ್ರ ಸ್ಟೇರಿಂಗ್ ಹಿಡಿದ ಕೈ ಸೈತ ನಡಗ್ತಾವ. ಬಂದ್ ಮಾಡಿದ್ರ ಏನೂ ಇಲ್ಲ. ಕಂಪ್ರೆಸರ್ ಹೋಗ್ಯಾದಂತ ಒಬ್ಬರು ಹೇಳ್ಯಾರ.”

“ಹೋಗ್ಯಾದೋ ಇಲ್ಲೋ, ಮೊದಲ ಕೇಳಿ ನೋಡಮು ಸರ್.”

ಉಸ್ತಾದ್ ಬಾನೆಟ್ ಎತ್ತುವುದಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು, ಎರಡೂ ಅಂಗೈಯನ್ನು ಸ್ಟೇರಿಂಗ್ ಮೇಲೆ ಹಗುರಾಗಿ ಇಟ್ಟು, ಎಸಿ ಇಲ್ಲದೆ ಇಂಜಿನ್ ಓಡಿಸುತ್ತಾರೆ. ಮೂರು ಸಿಲಿಂಡರಿನ ಸಣ್ಣ ಇಂಜಿನ್ನಿಗೆ ಹುಟ್ಟಿನಿಂದ ಬಂದ ಒಂದು ಗುನುಗು ಇರುತ್ತದೆ, ಅದಷ್ಟೇ ಕೇಳಿಸುತ್ತದೆ. ಆಮೇಲೆ ಎಸಿ ಗುಂಡಿ ಒತ್ತುತ್ತಾರೆ. ಮುಂದುಗಡೆ “ಟಕ್” ಅನ್ನುತ್ತದೆ. ಕಂಪ್ರೆಸರಿನ ಮುಂದಿರುವ ಅಯಸ್ಕಾಂತದ ಕ್ಲಚ್ ಕಚ್ಚಿಕೊಂಡ ಸದ್ದು ಅದು. ಮರುಕ್ಷಣ ಡ್ಯಾಶ್‌ಬೋರ್ಡ್ ನಡುಗುತ್ತದೆ, ಕನ್ನಡಿಯಲ್ಲಿ ಕಾಣುವ ಬೇವಿನಮರವೂ ಅದುರುತ್ತದೆ.

ಆ ಒಂದು ಕ್ಷಣದಲ್ಲೇ ಎಲ್ಲ ಇದೆ. ಅದುವರೆಗೆ ತನ್ನನ್ನು ತಾನು ತಿರುಗಿಸಿಕೊಳ್ಳಲು ಬೇಕಾದಷ್ಟೇ ಉರಿಯುತ್ತಿದ್ದ ಇಂಜಿನ್ನಿನ ಮೇಲೆ ಬೆಲ್ಟಿನ ಮೂಲಕ ಒಂದೆರಡು ಅಶ್ವಶಕ್ತಿಯ ಹೊರೆ ಬಂದು ಕೂರುತ್ತದೆ; ನಿಂತಲ್ಲೇ ತೂಕಡಿಸುತ್ತಿದ್ದವನ ತಲೆ ಮೇಲೆ ಜೋಳದ ಚೀಲ ಇಟ್ಟಂತೆ. ಹೊರೆ ಬರುತ್ತದೆಂದು ಇಂಜಿನ್ನಿನ ಕಂಪ್ಯೂಟರಿಗೆ ಮೊದಲೇ ತಿಳಿದಿರುತ್ತದೆ. ಥ್ರಾಟಲನ್ನು ಕೂದಲೆಳೆಯಷ್ಟು ತೆರೆದು ಗಾಳಿ ಬಿಡುತ್ತದೆ, ಪೆಟ್ರೋಲ್ ಹೆಚ್ಚಿಸುತ್ತದೆ. ಎಲ್ಲ ಸರಿ ಇದ್ದರೆ ಆರ್‌ಪಿಎಂ ತುಸು ಬಾಗಿ, ತಕ್ಷಣ ಎದ್ದು, ಮೊದಲಿಗಿಂತ ಕೊಂಚ ಮೇಲೆಯೇ ನಿಲ್ಲಬೇಕು. ಇಲ್ಲಿ ಹಾಗಾಗುತ್ತಿಲ್ಲ. ಹುಡುಗ ತಂದು ಜೋಡಿಸಿದ ಸ್ಕ್ಯಾನರಿನಲ್ಲಿ 800 ಇದ್ದದ್ದು 600ಕ್ಕೆ ಜಾರಿ, ತಡವರಿಸಿ, 750ಕ್ಕೆ ಏರಿ, ಮತ್ತೆ ಜಾರುತ್ತದೆ.

ಎಸಿ ಹಾಕಿದಾಗ ಕಾಣುವ ರೋಗವೆಲ್ಲ ಎಸಿಯದ್ದಲ್ಲ. ಅದು ಅಡಗಿದ್ದ ನಿತ್ರಾಣವನ್ನು ಬಯಲಿಗೆಳೆಯುತ್ತದೆ, ಅಷ್ಟೇ. ಇದನ್ನು ಕೇಳಿಸಿಕೊಳ್ಳದೆ ಕಂಪ್ರೆಸರ್ ಬಿಚ್ಚುವುದೆಂದರೆ ಹತ್ತಾರು ಸಾವಿರ ರೂಪಾಯಿಯ ಮಾತು. ಸಂಬಳದ ಮೇಲೆ ಬದುಕುವವರಿಗೆ ಹಾಗೆ ಮಾಡುವುದು ಅನ್ಯಾಯವೆಂದೇ ನನ್ನ ಎಣಿಕೆ. ಕಾರ್ಬುರೇಟರ್ ಕಾಲದ ಗಾಡಿಗಳಲ್ಲಿ ಐಡ್ಲಿಂಗ್ ಸ್ಕ್ರೂ ತಿರುಗಿಸಿ, ನಡುಕ ಮುಚ್ಚಿಹಾಕಿ ಕಳಿಸುವವರಿದ್ದರು. ಈಗಿನ ಗಾಡಿಯಲ್ಲಿ ಆ ಸ್ಕ್ರೂ ಇಲ್ಲದಿರುವುದು ಒಳ್ಳೆಯದೇ ಆಯಿತು.

ಈಗ ಬಾನೆಟ್ ಏಳುತ್ತದೆ. ಮೊದಲ ಪರೀಕ್ಷೆಗೆ ಒಂದು ಮಗ್ಗು ನೀರು ಸಾಕು. ರೇಡಿಯೇಟರಿನ ಮುಂದಿನ ಕಂಡೆನ್ಸರ್ ಮೇಲೆ ಹುಡುಗ ಮೆಲ್ಲಗೆ ನೀರು ಸುರಿಯುತ್ತಾನೆ. ಸಿಮೆಂಟ್ ಲಾರಿಗಳು ಓಡಾಡುವ ಊರು ಇದು. ಕಂಡೆನ್ಸರಿನ ಸಂದಿಗಳಲ್ಲಿ ದೂಳು ಕೂತು ಗಾಳಿ ಹಾಯದಿದ್ದರೆ, ಇಲ್ಲವೇ ಫ್ಯಾನ್ ಸೋತಿದ್ದರೆ, ಗ್ಯಾಸಿನ ಒತ್ತಡ ಏರಿ ಕಂಪ್ರೆಸರ್ ತಿರುಗುವುದೇ ಭಾರವಾಗುತ್ತದೆ. ಅತಿಯಾಗಿ ಗ್ಯಾಸ್ ತುಂಬಿದರೂ ಅದೇ ಪಾಡು. ನೀರು ಬಿದ್ದಂತೆ, ಗ್ಯಾಸಿನ ಒತ್ತಡ ತೋರಿಸುವ ಕೆಂಪು ಮೀಟರಿನ ಮುಳ್ಳು ಇಳಿಯುತ್ತದೆ, ನಡುಕವೂ ಒಂದಿಷ್ಟು ತಗ್ಗುತ್ತದೆ. ಆದರೆ ನಿಲ್ಲುವುದಿಲ್ಲ. “ದೂಳದ, ಖರೆ. ದೂಳು ಒಂದೇ ಅಲ್ಲ,” ಅನ್ನುತ್ತಾರೆ ಉಸ್ತಾದ್.

ಮುಂದಿನದು ನೋಡಲು ಸೊಗಸಾದ ಕೆಲಸ. ಇಂಜಿನ್ ಓಡುತ್ತಿರುವಾಗಲೇ, ಪ್ಲಗ್ಗುಗಳಿಗೆ ಕಿಡಿ ಕೊಡುವ ಮೂರು ಕಾಯಿಲ್‌ಗಳ ಪ್ಲಾಸ್ಟಿಕ್ ಸಾಕೆಟನ್ನು ಒಂದೊಂದಾಗಿ, ಕ್ಷಣಮಾತ್ರ ತೆಗೆದು ಮತ್ತೆ ಸಿಕ್ಕಿಸುತ್ತಾರೆ. ಮೊದಲನೆಯದನ್ನು ತೆಗೆದಾಗ ಇಂಜಿನ್ ಕುಸಿಯುತ್ತದೆ. ಮೂರನೆಯದಕ್ಕೂ ಹಾಗೆಯೇ. ನಡುವಿನದನ್ನು ತೆಗೆದರೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ತೆಗೆದದ್ದೇ ಗೊತ್ತಾಗದಿದ್ದರೆ ಆ ಸಿಲಿಂಡರ್ ದುಡಿಯುತ್ತಿಲ್ಲ ಎಂದರ್ಥ. 800ರಲ್ಲಿ ತಿರುಗುವಾಗ ಮೂರು ಸಿಲಿಂಡರಿಗೆ ನಿಮಿಷಕ್ಕೆ 1200 ಕಿಡಿ ಬೇಕು. ಅದರಲ್ಲಿ ಒಂದರ ಪಾಲು ಆಗಾಗ ತಪ್ಪುತ್ತಿದೆ.

ಬಿಚ್ಚಿದ ಪ್ಲಗ್ಗಿನ ತುದಿ ಸವೆದು ಸಂದು ಅಗಲವಾಗಿದೆ. ಎಸಿ ಇಲ್ಲದಾಗ ಇದೇ ಪ್ಲಗ್ ಹೇಗೋ ನಿಭಾಯಿಸುತ್ತಿತ್ತು. ಹೊರೆ ಬಿದ್ದಾಗ ಸಿಲಿಂಡರಿನೊಳಗೆ ಗಾಳಿ ಹೆಚ್ಚು ತುಂಬಿ ಒತ್ತಡ ಏರುತ್ತದೆ, ಅಷ್ಟು ಒತ್ತಡದಲ್ಲಿ ಅಗಲ ಸಂದನ್ನು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಅಲ್ಲಿ ಅದು ಸೋಲುತ್ತದೆ. ಕಾಯಿಲ್ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಅದನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡುತ್ತಾರೆ. ದೋಷ ಜೊತೆಗೆ ಬರುವುದಿಲ್ಲ. ಹೊಸ ಪ್ಲಗ್ ಮೂರಕ್ಕೂ ಬೀಳುತ್ತದೆ.

ಕಿಡಿಯಾದ ಮೇಲೆ ಗಾಳಿಯ ಸರದಿ. ಥ್ರಾಟಲ್ ಬಾಡಿ ಬಿಚ್ಚಿದಾಗ ಮಾಸ್ತರು ಕನ್ನಡಕ ಸರಿಪಡಿಸಿಕೊಂಡು ಬಗ್ಗುತ್ತಾರೆ. ಹಿತ್ತಾಳೆ ಬಣ್ಣದ ತಟ್ಟೆಯ ಸುತ್ತ ಕರಿ ಜಿಡ್ಡಿನ ಉಂಗುರ. ಐಡ್ಲಿಂಗಿನ ಗಾಳಿಯೆಲ್ಲ ಹಾಯಬೇಕಾದ ಸಂದಿಯೇ ಅದು. ಇಂಜಿನ್ನಿನ ಆಯಿಲ್ ಹಬೆ ಹಿಂದಿರುಗಿ ಬಂದು ಅಲ್ಲಿ ಕಟ್ಟಿಕೊಳ್ಳುತ್ತದೆ. ಸ್ಪ್ರೇ ಹೊಡೆದು, ಮೆತ್ತನೆ ಬಟ್ಟೆಯಿಂದ ಉಸ್ತಾದ್ ಒರೆಸುತ್ತಾರೆ. ಹುಡುಗ ಬೆರಳಿಂದ ತಟ್ಟೆ ನೂಕಲು ಹೋದಾಗ ಕೈ ತಡೆಯುತ್ತಾರೆ; ಒಳಗಿನ ಮೋಟಾರಿನ ಹಲ್ಲು ಸೂಕ್ಷ್ಮ.

ಎಲ್ಲ ಜೋಡಿಸಿ, ಎಸಿ ಇಲ್ಲದೆ ಒಂದಷ್ಟು ಹೊತ್ತು, ಎಸಿ ಹಾಕಿ ಒಂದಷ್ಟು ಹೊತ್ತು, ಆಕ್ಸಿಲರೇಟರ್ ಮುಟ್ಟದೆ ಓಡಬಿಡುತ್ತಾರೆ. ತಟ್ಟೆ ಸ್ವಚ್ಛವಾಯಿತೆಂದು ಕಂಪ್ಯೂಟರ್ ಹೊಸದಾಗಿ ಕಲಿಯಬೇಕು. ಬರಬರುತ್ತಾ ಸಂಖ್ಯೆ ನೆಲೆ ನಿಲ್ಲುತ್ತದೆ. ಟಕ್ ಅಂದಾಗ 780ಕ್ಕೆ ಬಾಗಿ, ಕೂಡಲೇ 870.

“ಇನ್ನಾ ಸಣ್ಣಗ ಅದರ್ತದಲ್ಲ?” ಸೀಟು ಮುಟ್ಟಿ ಕೇಳುತ್ತಾರೆ ಮಾಸ್ತರು. ಸಂಖ್ಯೆ ಅಲುಗದೆ ಮೈ ಅದುರಿದರೆ ಅದು ಇಂಜಿನ್ ಕೂತ ರಬ್ಬರಿನದು. ಹುಡುಗ ಬ್ರೇಕ್ ತುಳಿದು ಕ್ಲಚ್ ಅರ್ಧ ಬಿಡುತ್ತಾನೆ. ಇಂಜಿನ್ ಒಂದು ಮಗ್ಗುಲಿಗೆ ಎದ್ದು ಕೂರುತ್ತದೆ.

“ಮೌಂಟಿಂಗ್ ಸರ್. ಇದು ಬ್ಯಾರೆ. ಮಾಲು ತರಿಸ್ತೀನಿ, ಸೋಮವಾರ ಬರ್ರಿ. ಕಂಡೆನ್ಸರ್ ಅವತ್ತೇ ತೊಳಿಯಮು.”