ಹವಳಕ್ಕೆ ಟ್ಯೂಬ್‌ಲೈಟ್ ಹುಡುಕುವವರೇ, ಸ್ವಲ್ಪ ತಾಳಿ!

ಹಾವೇರಿ: ಪಡಸಾಲೆಯಲ್ಲೊಂದು ಗಾಜಿನ ತೊಟ್ಟಿ, ಅದರಲ್ಲಿ ನಾಲ್ಕು ಗೋಲ್ಡ್ ಫಿಶ್, ಮೇಲೊಂದು ಟ್ಯೂಬ್‌ಲೈಟ್. ಇಷ್ಟಿದ್ದರೆ ಮನೆಗೊಂದು ಕಳೆ. ಆದರೆ ಮೀನು ಸಾಕಿದವರ ಆಸೆ ಮೀನಿಗೇ ನಿಲ್ಲುವುದಿಲ್ಲ. ಮೊಬೈಲಿನಲ್ಲಿ ಬಣ್ಣಬಣ್ಣದ ಹವಳದ ತೊಟ್ಟಿ ಕಂಡ ಮೇಲೆ, ‘ಎಂಥಾ ಲೈಟ್ ಹಾಕಿದ್ರ ನಮ್ಮನ್ಯಾಗೂ ಹವಳ ಬೆಳಿತೈತ್ರೀ?’ ಎಂದು ಕೇಳುವುದು ಸಹಜ. ಲೈಟಿಗೇನೋ ಉತ್ತರವಿದೆ. ಹವಳಕ್ಕೆ ಮಾತ್ರ ಕಾನೂನು ಅಡ್ಡ ನಿಂತಿದೆ.

ಕಲ್ಲಲ್ಲ, ಜೀವ

ಹವಳವೆಂದರೆ ನಮ್ಮವರಿಗೆ ಉಂಗುರದ ಕಲ್ಲು, ಸರದ ಮಣಿ. ಕಡಲಿನಲ್ಲಿ ಅದು ಉಸಿರಾಡುವ ಪ್ರಾಣಿ. ದಿಬ್ಬ ಕಟ್ಟುವ ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿರುತ್ತದೆ. ಪಾಚಿ ಬೆಳಕಿನಿಂದ ಅಡುಗೆ ಮಾಡುತ್ತದೆ, ಹವಳ ಉಣ್ಣುತ್ತದೆ. ಬೆಳಕು ಸಾಲದಿದ್ದರೆ ಹವಳಕ್ಕೆ ಉಪವಾಸ. ಕೆಂಪು ಬೆಳಕನ್ನು ನೀರು ಮೇಲೆಯೇ ನುಂಗುವುದರಿಂದ ಆಳಕ್ಕೆ ಇಳಿಯುವುದು ಹೆಚ್ಚಾಗಿ ನೀಲಿ. ಹೊರದೇಶಗಳಲ್ಲಿ ಹವಳ ಸಾಕುವವರು ನೀಲಿ, ಬಿಳಿ ಟ್ಯೂಬ್ ಬೆರೆಸಿ ಹಾಕುವುದು ಇದೇ ಕಾರಣಕ್ಕೆ.

ಖರ್ಚಿನ ಲೆಕ್ಕ ನೋಡಿ. ನಾಲ್ಕಡಿ ತೊಟ್ಟಿಗೆ 54 ವಾಟಿನ ಟಿ-5 ಟ್ಯೂಬ್ ಆರು ಹಾಕಿದರೆ 324 ವಾಟ್. ದಿನಕ್ಕೆ 9 ತಾಸು ಉರಿದರೆ ಸುಮಾರು 3 ಯೂನಿಟ್, ತಿಂಗಳಿಗೆ 87 ಯೂನಿಟ್! ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಬೇಕು. ಉರಿಯುತ್ತಿದ್ದರೂ ಅದರ ಕಸುವು ಇಳಿದಿರುತ್ತದೆ. ನೀರು 25-26 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಬಿಸಿ ಏರಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. 1998ರಲ್ಲಿ ಕಡಲು ಕಾದಾಗ ಲಕ್ಷದ್ವೀಪದ ಹವಳ ಸತ್ತದ್ದು ಹೀಗೆಯೇ. ಬ್ಯಾಡಗಿಯ ಮೆಣಸಿನಕಾಯಿ ಒಣಗಿಸುವ ಬಿಸಿಲು ಹವಳಕ್ಕೆ ಆಗಿಬರುವಂಥದ್ದಲ್ಲ. ನೀರು ತಂಪು ಮಾಡಲು ಯಂತ್ರ ಇಟ್ಟರೂ, ಕರೆಂಟು ಹೋದರೆ ಅದೂ ನಿಂತಿತು.

ಕೃಷ್ಣಮೃಗದ ಸಾಲಿನಲ್ಲೇ

ಖರ್ಚಿಗೆ ಹೆದರದವರೂ ಕಾನೂನಿಗೆ ಹೆದರಬೇಕು. ರಾಣೆಬೆನ್ನೂರಿನ ಅಭಯಾರಣ್ಯ 1974ರಿಂದ ಇದೆ. ಅಲ್ಲಿಯ ಕೃಷ್ಣಮೃಗವನ್ನು ಯಾರಾದರೂ ತಂದು ಹಿತ್ತಲಲ್ಲಿ ಕಟ್ಟಿಕೊಂಡರೆ ಸುಮ್ಮನೆ ಬಿಟ್ಟಾರೆಯೇ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ರಲ್ಲಿ ಕೃಷ್ಣಮೃಗವಿದೆ. ದಿಬ್ಬ ಕಟ್ಟುವ ಹವಳ, ಕಪ್ಪು ಹವಳಗಳೂ 2001ರಲ್ಲಿ ಅದೇ ಅನುಸೂಚಿಗೆ ಸೇರಿವೆ. ತಪ್ಪು ಸಾಬೀತಾದರೆ 3ರಿಂದ 7 ವರ್ಷ ಜೈಲು, ಮೇಲೆ ಕನಿಷ್ಠ 25,000 ರೂಪಾಯಿ ದಂಡ. ‘ಯಾರ್ ಕೇಳ್ತಾರ ಬಿಡ್ರೀ’ ಎಂಬ ಮಾತು ನಂಬಿ ಕೈಸುಟ್ಟುಕೊಳ್ಳಬೇಡಿ. ಸತ್ತ ಹವಳದ ತುಂಡನ್ನು ಅಲಂಕಾರಕ್ಕೆ ಇಡುವುದೂ ಬೇಡ.

ಹವಳ ನೋಡಲೇಬೇಕೆಂದರೆ ಮುರ್ಡೇಶ್ವರದ ಎದುರಿನ ಕಡಲಿನಲ್ಲಿ ನೇತ್ರಾಣಿ ದ್ವೀಪವಿದೆ. ಮುಳುಗಿ ನೋಡಿ ಬರಬಹುದು, ಮುರಿದು ತರುವಂತಿಲ್ಲ.

ಹಾಗಾದರೆ ಯಾವ ಲೈಟು?

ತೊಟ್ಟಿಯಲ್ಲಿ ಯಾವ ಜೀವವಿದೆಯೋ ಅದಕ್ಕೆ ತಕ್ಕ ಬೆಳಕು. ಎರಡಡಿ ತೊಟ್ಟಿಯ ಸಿಹಿನೀರಿನ ಮೀನಿಗೆ 18 ಅಥವಾ 20 ವಾಟಿನ ಒಂದೇ ಟ್ಯೂಬ್ ಸಾಕು. ನೀರೊಳಗೆ ಹಸಿರು ಗಿಡವಿದ್ದರೆ ಟ್ಯೂಬಿನ ಮೇಲೆ 865 ಎಂಬ ಅಂಕಿ ನೋಡಿ ಕೊಳ್ಳಿ. ಮೊದಲಿನ 8 ಬಣ್ಣ ಚೆನ್ನಾಗಿ ಕಾಣುವುದರ ಗುರುತು, 65 ಎಂದರೆ 6500 ಕೆಲ್ವಿನ್, ಹಗಲಿನಂಥ ಬಿಳಿ. ದಿನಕ್ಕೆ 8 ತಾಸು ಉರಿಸಿ. ಹೆಚ್ಚಾದರೆ ಗಾಜಿಗೆ ಪಾಚಿ ಹಿಡಿಯುತ್ತದೆ. ವೋಲ್ಟೇಜ್ ಇಳಿದಾಗ ಹಳೆ ಚೋಕಿನ ಟ್ಯೂಬ್ ಮಿಣಮಿಣ ಅನ್ನುತ್ತದೆ. ಎಲೆಕ್ಟ್ರಾನಿಕ್ ಚೋಕ್ ಲೇಸು. ಲೈಟಿಗೂ ನೀರಿಗೂ ನಡುವೆ ಗಾಜಿನ ಮುಚ್ಚಳ, ಸ್ವಿಚ್ಚಿಗೆ ಅರ್ಥಿಂಗ್ ಇರಲೇಬೇಕು. ತೊಟ್ಟಿಗೆ ಕೈಹಾಕುವ ಮುಂಚೆ ಸ್ವಿಚ್ ಆಫ್ ಮಾಡಿ.

ಹೊಸದಾಗಿ ಕೊಳ್ಳುವವರಿಗೆ ಎಲ್‌ಇಡಿಯೇ ಮೇಲು. ಟ್ಯೂಬಿನೊಳಗೆ ಪಾದರಸವಿದೆ. ಪಾದರಸದ ಟ್ಯೂಬ್‌ಲೈಟುಗಳ ತಯಾರಿಕೆಯನ್ನು 2027ರ ಹೊತ್ತಿಗೆ ನಿಲ್ಲಿಸಬೇಕೆಂದು ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನಿಸಿವೆ. ಭಾರತವೂ ಆ ಒಪ್ಪಂದಕ್ಕೆ ಸೇರಿದೆ. ಸುಟ್ಟ ಟ್ಯೂಬನ್ನು ತಿಪ್ಪೆಗೆ ಎಸೆಯಬೇಡಿ. ಒಡೆದರೆ ಕಿಟಕಿ ತೆರೆದಿಡಿ, ಬರಿಗೈಯಲ್ಲಿ ಮುಟ್ಟಬೇಡಿ. ಸುಟ್ಟ ಟ್ಯೂಬ್ ಎಲ್ಲಿಗೆ ಕೊಡಬೇಕೆಂದು ಹಾವೇರಿ, ರಾಣೆಬೆನ್ನೂರು ನಗರಸಭೆಗಳೂ ಬ್ಯಾಡಗಿ ಪುರಸಭೆಯೂ ಮನೆಮನೆಗೆ ತಿಳಿಸಿದರೆ ಜನರಿಗೆ ಉಪಕಾರವಾದೀತು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?