ಗೀರು ಬೀಳದ ಅಲಗು

ನನ್ನ ಮೇಜಿನ ಸೆಳೆಖಾನೆಯಲ್ಲಿ ಎರಡು ಚೂರಿಗಳಿವೆ. ಒಂದು ಸ್ವೀಡನ್ ದೇಶದ್ದು. ಅದರ ಬೆಲೆ ೨೦ ಡಾಲರುಗಳ ಆಸುಪಾಸು. ಇನ್ನೊಂದು ಅಮೆರಿಕದ ಕುಶಲಿಯೊಬ್ಬ ತನ್ನ ಕೈಯಾರೆ ಮಾಡಿದ್ದು. ಅದರ ಬೆಲೆ ಮೊದಲನೆಯದಕ್ಕಿಂತ ಇಪ್ಪತ್ತು ಮಡಿ ಹೆಚ್ಚು. ಮೊದಲನೆಯದರ ಅಲಗು ಮಸೆದು ಮಸೆದು ಸವೆದಿದೆ. ಹಿಡಿಗೆ ಹಲಸಿನ ಮೇಣದ ಕಲೆ ಹತ್ತಿದೆ. ಎರಡನೆಯದು ತೀರ ಇತ್ತೀಚಿನವರೆಗೂ ಬಂದ ದಿನದಂತೆಯೇ ಹೊಳೆಯುತ್ತಿತ್ತು. ಇವೆರಡರಲ್ಲಿ ಯಾವುದು ಉತ್ತಮ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಸುಲಭ. ಯಾವುದಕ್ಕೆ ಕೊಟ್ಟ ಹಣ ಸಾರ್ಥಕವಾಯಿತು ಎಂದು ಕೇಳಿದರೆ ಮಾತ್ರ ನಾನು ಬಹಳ ದಿನ ಸುಮ್ಮನಿರಬೇಕಾಗಿತ್ತು.

ನಾನು ಸಸ್ಯಶಾಸ್ತ್ರದ ಅಧ್ಯಾಪಕನಾಗಿದ್ದವನು. ನನಗೆ ಚೂರಿ ಆಯುಧವಲ್ಲ, ಉಪಕರಣ. ವಿದ್ಯಾರ್ಥಿಗಳನ್ನು ಕರೆದುಕೊಂಡು ಘಟ್ಟದ ಸೆರಗಿನಲ್ಲಿ ಅಲೆಯುವಾಗ ಕಾಂಡವನ್ನು ಸೀಳಿ ತೋರಿಸುವುದಕ್ಕೆ, ಹಗ್ಗ ಕತ್ತರಿಸುವುದಕ್ಕೆ, ಮಳೆಯಲ್ಲಿ ನೆನೆದ ಕಟ್ಟಿಗೆಯ ಮೈಯನ್ನು ಕೆತ್ತಿ ಒಳಗಿನ ಒಣ ಚಕ್ಕೆ ತೆಗೆಯುವುದಕ್ಕೆ, ಮಧ್ಯಾಹ್ನದ ಊಟಕ್ಕೆ ಸೌತೆಕಾಯಿ ಹೆಚ್ಚುವುದಕ್ಕೆ ಅದು ಬೇಕು. ಈ ಅಲೆದಾಟದಲ್ಲಿ ಚೂರಿಯುಳ್ಳ ಬೇರೆ ಬೇರೆ ಜನರ ಪರಿಚಯವಾಯಿತು. ಬೆಲೆಬಾಳುವ ಚೂರಿಯ ವಿಷಯದಲ್ಲಿ ಅವರ ಅಭಿಪ್ರಾಯಗಳು ಎಷ್ಟು ಭಿನ್ನವೆಂದರೆ, ಎಲ್ಲರೂ ಒಂದೇ ವಸ್ತುವನ್ನು ಕುರಿತು ಮಾತನಾಡುತ್ತಿರುವರೇ ಎಂದು ಸಂದೇಹವಾಗುತ್ತಿತ್ತು.

ಮೂಡಿಗೆರೆಯ ಕಡೆಯ ನನ್ನ ಸ್ನೇಹಿತರೊಬ್ಬರು ಕಾಫಿ ಬೆಳೆಗಾರರು. ಅವರ ಮತ ಇದು: ಕಳೆದುಹೋದರೆ ಕಣ್ಣೀರು ಬಾರದ ಚೂರಿಯೇ ಕಾಡಿಗೆ ಯೋಗ್ಯವಾದದ್ದು. ಹಿಮಾಲಯದ ದಾರಿಗಳನ್ನು ತುಳಿದ ಇನ್ನೊಬ್ಬರು ಇದನ್ನು ಒಪ್ಪುವುದಿಲ್ಲ. ಊರು ಎರಡು ದಿನದ ನಡಿಗೆಯಷ್ಟು ದೂರವಿರುವಾಗ, ಕೈಯಲ್ಲಿರುವುದು ಒಂದೇ ಚೂರಿಯಾಗಿರುವಾಗ, ಅದು ಮುರಿಯಿತೆಂದರೆ ಉಳಿಸಿದ ಹಣ ಯಾವ ಪ್ರಯೋಜನಕ್ಕೆ ಎನ್ನುತ್ತಾರೆ ಅವರು. ಮೂರನೆಯವರು ಸಂಗ್ರಾಹಕರು. ಅವರ ಚೂರಿಗಳು ಒರೆಯಿಂದ ಹೊರಬರುವುದು ವರ್ಷಕ್ಕೊಮ್ಮೆ, ಎಣ್ಣೆ ಸವರಿಸಿಕೊಳ್ಳುವುದಕ್ಕೆ. ಹೆಸರಾಂತ ಕುಶಲಿಯ ಚೂರಿ ವರ್ಷ ಕಳೆದಂತೆ ಬೆಲೆ ಏರಿಸಿಕೊಳ್ಳುತ್ತದೆ. ಒಂದು ಗೀರು ಬಿದ್ದರೆ ಆ ಬೆಲೆ ಇಳಿಯುತ್ತದೆ. ಆದ್ದರಿಂದ ಉಪಯೋಗಿಸದಿರುವುದೇ ಅದರ ಉಪಯೋಗ ಎಂಬುದು ಅವರ ತರ್ಕ.

ಈ ಮೂವರ ಜಗಳವನ್ನು ತೀರಿಸುವುದಕ್ಕೆ ಮೊದಲು ಒಬ್ಬ ಗ್ರಂಥಪಾಲಕನ ಮಾತನ್ನು ಕೇಳುವುದು ಒಳ್ಳೆಯದು. ಹೊರೇಸ್ ಕೆಫಾರ್ಟ್ ಎಂಬಾತ ಅಮೆರಿಕದ ಸೇಂಟ್ ಲೂಯಿಸ್ ನಗರದ ಮರ್ಕೆಂಟೈಲ್ ಗ್ರಂಥಾಲಯದ ಮುಖ್ಯಸ್ಥನಾಗಿದ್ದವನು. ನಗರ ಜೀವನದಲ್ಲಿ ಮನಸ್ಸು ದೇಹಗಳೆರಡೂ ಸೋತು, ೧೯೦೪ರಲ್ಲಿ ಉತ್ತರ ಕೆರೊಲಿನಾದ ಗ್ರೇಟ್ ಸ್ಮೋಕಿ ಬೆಟ್ಟಗಳನ್ನು ಸೇರಿಕೊಂಡ. ಕಾಡಿನಲ್ಲಿ ಬಿಡಾರ ಹೂಡಿ ಬಾಳುವವರಿಗಾಗಿ ಅವನು ಬರೆದ ಕೈಪಿಡಿ ೧೯೦೬ರಲ್ಲಿ ಪ್ರಕಟವಾಯಿತು. ಬೇಟೆಯ ಚೂರಿಗಳೆಂದು ಅಂಗಡಿಗಳಲ್ಲಿ ಮಾರುತ್ತಿದ್ದವನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅವು ದಪ್ಪವಾದವು, ಒಡ್ಡಾದವು, ನೋಡುವುದಕ್ಕಷ್ಟೇ ಭಯಂಕರವಾದವು ಎಂಬುದು ಅವನ ದೂರು. ಕಾಡಿನಲ್ಲಿ ಚೂರಿ ಮಾಡುವ ಕೆಲಸ ಬಹುಮಟ್ಟಿಗೆ ಅಡುಗೆಮನೆಯ ಕೆಲಸ, ಕಡ್ಡಿ ಕೆತ್ತುವ ಕೆಲಸ. ಅದಕ್ಕೆ ತೆಳುವಾದ, ಗೇಣಿಗಿಂತ ಚಿಕ್ಕದಾದ ಅಲಗು ಸಾಕು. ಈ ಸರಳ ಮಾತನ್ನು ಮರೆತವರೇ ಇಂದಿಗೂ ಹೆಚ್ಚಿನ ಹಣವನ್ನು ಕಡಿಮೆ ಉಪಯೋಗಕ್ಕೆ ಸುರಿಯುತ್ತಾರೆ.

ಇನ್ನು ಬೆಲೆಬಾಳುವ ಚೂರಿಗಳ ವಂಶವೃಕ್ಷವನ್ನು ಹುಡುಕಿಕೊಂಡು ಹೋದರೆ ಒಂದು ವಿನೋದವಾದ ಸಂಗತಿ ಸಿಕ್ಕುತ್ತದೆ. ಡಬ್ಲ್ಯು. ಡಿ. ರಾಂಡಲ್ ಎಂಬಾತ ಫ್ಲಾರಿಡಾದ ಒರ್‍ಲ್ಯಾಂಡೋ ನಗರದವನು. ಕಿತ್ತಳೆ ಜಾತಿಯ ಹಣ್ಣುಗಳ ತೋಟಗಾರ. ೧೯೩೦ರ ದಶಕದಲ್ಲಿ ಬೇಸಿಗೆಯನ್ನು ಕಳೆಯಲು ಮಿಷಿಗನ್ನಿನ ಸರೋವರವೊಂದರ ಬಳಿಗೆ ಹೋಗಿದ್ದಾಗ, ಒಬ್ಬ ಮನುಷ್ಯ ಚೂರಿಯಿಂದ ದೋಣಿಯ ಹಳೆಯ ಬಣ್ಣವನ್ನು ಕೆರೆಯುತ್ತಿದ್ದುದನ್ನು ನೋಡಿದ. ಆ ಒರಟು ಕೆಲಸ ಮಾಡಿಯೂ ಅಲಗಿನ ಬಾಯಿ ಕೆಟ್ಟಿರಲಿಲ್ಲ. ವಿಚಾರಿಸಿದಾಗ ಅದು ವಿಲಿಯಂ ಸ್ಕೇಗಲ್ ಎಂಬ ಕುಶಲಿಯ ಕೈಕೆಲಸವೆಂದು ತಿಳಿಯಿತು. ರಾಂಡಲ್ ಅದನ್ನು ಕೊಂಡುಕೊಂಡ. ಅಂಥದೊಂದನ್ನು ತಾನೂ ಮಾಡಬೇಕೆಂಬ ಹುಚ್ಚು ಹತ್ತಿಸಿಕೊಂಡ. ೧೯೩೭ರ ಹೊತ್ತಿಗೆ ಕುಲುಮೆಯ ಮುಂದೆ ಕುಳಿತೇಬಿಟ್ಟ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರು ಅವನ ಚೂರಿಗಳಿಗಾಗಿ ಕಾಗದ ಬರೆಯತೊಡಗಿದರು. ಅಮೆರಿಕದ ಮೊದಲ ಗಗನಯಾತ್ರಿಗಳಿಗೂ ಅಲ್ಲಿಯದೇ ಚೂರಿ. ೧೯೬೧ರಲ್ಲಿ ಗ್ರಿಸಮ್ ಎಂಬ ಯಾತ್ರಿಯ ನೌಕೆ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ೧೯೯೯ರಲ್ಲಿ ಅದನ್ನು ಮೇಲಕ್ಕೆತ್ತಿದಾಗ, ಮೂವತ್ತೆಂಟು ವರ್ಷ ಉಪ್ಪುನೀರಿನಲ್ಲಿದ್ದ ಅವನ ಚೂರಿಯೂ ದೊರೆಯಿತು.

ರಾಂಡಲ್ ೧೯೮೯ರಲ್ಲಿ ತೀರಿಕೊಂಡ. ಅವನ ಕುಟುಂಬದವರು ನಡೆಸಿಕೊಂಡು ಬಂದ ಆ ಕಾರ್ಯಾಗಾರದ ಚೂರಿಗಾಗಿ ಗ್ರಾಹಕರು ವರ್ಷಗಟ್ಟಲೆ ಸರದಿ ಕಾದಿದ್ದಾರೆ. ಕಾದು ಪಡೆದವರಲ್ಲಿ ಎಷ್ಟು ಮಂದಿ ಅದರಿಂದ ದೋಣಿಯ ಬಣ್ಣ ಕೆರೆದಾರು? ಯಾವ ಗುಣಕ್ಕಾಗಿ ಆ ಮನೆತನ ಹುಟ್ಟಿತೋ ಆ ಗುಣವನ್ನು ಪರೀಕ್ಷಿಸುವ ಧೈರ್ಯವನ್ನು ಬೆಲೆಯೇ ಕಸಿದುಕೊಂಡಿತು.

ಹಾಗಾದರೆ ಆ ಗುಣವೆಂದರೇನು? ಕೊಳ್ಳುವವರು ಮೊದಲು ಉಕ್ಕಿನ ಹೆಸರನ್ನು ಕೇಳುತ್ತಾರೆ. ಉಕ್ಕು ಮುಖ್ಯವೇ, ಆದರೆ ಅಕ್ಕಿ ಒಳ್ಳೆಯದಾದ ಮಾತ್ರಕ್ಕೆ ಅನ್ನ ಹದವಾಗುವುದಿಲ್ಲ. ಇಂಗಾಲವುಳ್ಳ ಉಪಕರಣದ ಉಕ್ಕನ್ನು ಸುಮಾರು ೮೦೦ ಡಿಗ್ರಿ ಸೆಂಟಿಗ್ರೇಡಿನಷ್ಟು ಕಾಸಿ ಎಣ್ಣೆಯಲ್ಲಿ ಅದ್ದಿದರೆ ಅದು ಗಡುಸಾಗುತ್ತದೆ, ಜೊತೆಗೆ ಗಾಜಿನಂತೆ ಬಿರುಸಾಗುತ್ತದೆ. ಮತ್ತೆ ೨೦೦ ಡಿಗ್ರಿಯ ಆಸುಪಾಸಿನಲ್ಲಿ ನಿಧಾನವಾಗಿ ಕಾಯಿಸಿದರೆ, ಗಡಸುತನ ಸ್ವಲ್ಪ ಇಳಿದು ತಾಳಿಕೆ ಬರುತ್ತದೆ. ಈ ಎರಡನೆಯ ಕಾವಿನಲ್ಲಿ ತಪ್ಪಿದರೆ ಎಂಥ ದುಬಾರಿ ಉಕ್ಕೂ ಚಕ್ಕೆ ಹಾರುತ್ತದೆ, ಇಲ್ಲವೇ ಬಾಗುತ್ತದೆ. ಆಮೇಲಿನದು ಸಾಣೆ: ಬೆನ್ನಿನಿಂದ ಬಾಯಿಯವರೆಗೆ ಅಲಗು ಹೇಗೆ ತೆಳುವಾಗುತ್ತ ಬರುತ್ತದೆ ಎಂಬುದು. ಕೊಯ್ಯುವುದು ತೆಳುವಾದ ಬಾಯಿ. ದಪ್ಪ ಅಲಗು ಎಷ್ಟೇ ಗಟ್ಟಿಯಾಗಿದ್ದರೂ ಸೌತೆಕಾಯನ್ನು ಕೊಯ್ಯುವುದಿಲ್ಲ, ಸೀಳುತ್ತದೆ. ಕೊನೆಯದು ಹಿಡಿ. ಅರ್ಧ ಗಂಟೆ ಕೆತ್ತಿದ ಮೇಲೆ ಅಂಗೈ ಏನು ಹೇಳುತ್ತದೆಯೋ ಅದೇ ಹಿಡಿಯ ವಿಮರ್ಶೆ.

ಈ ಮೂರನ್ನೂ ಸ್ವೀಡನ್ನಿನ ಮೋರಾ ಪ್ರಾಂತದವರು ಚೆನ್ನಾಗಿ ಬಲ್ಲರು. ಅಲ್ಲಿ ಚೂರಿ ಮಾಡುವುದು ಹಳ್ಳಿಯ ಹಳೆಯ ಕಸುಬು. ಈಗಿನ ಕಾರ್ಖಾನೆ ತನ್ನ ಮೂಲವನ್ನು ೧೮೯೧ರಿಂದ ಎಣಿಸುತ್ತದೆ. ಸುಮಾರು ಶೇಕಡಾ ಒಂದರಷ್ಟು ಇಂಗಾಲವಿರುವ ಸಾಮಾನ್ಯ ಉಕ್ಕು, ತೆಳುವಾದ ಸಾಣೆ, ಕೈಗೆ ಹೊಂದುವ ಹಿಡಿ, ಪ್ಲಾಸ್ಟಿಕ್ಕಿನ ಒರೆ. ಬಡಗಿಗಳೂ ಸೈನಿಕರೂ ಶಾಲೆಯ ಮಕ್ಕಳೂ ಬಳಸುವ ವಸ್ತು ಅದು. ನನ್ನದು ಹನ್ನೊಂದು ವರ್ಷ ದುಡಿದಿದೆ. ದೋಷಗಳಿಲ್ಲವೆಂದಲ್ಲ. ಮಳೆಗಾಲದಲ್ಲಿ ಒರೆಸದೆ ಬಿಟ್ಟರೆ ಬೆಳಗಾಗುವುದರೊಳಗೆ ತುಕ್ಕು. ಅಗ್ಗದ ಮಾದರಿಗಳಲ್ಲಿ ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಚಾಚಿಕೊಂಡಿರುವುದಿಲ್ಲ. ಆದ್ದರಿಂದ ಬೆನ್ನಿನ ಮೇಲೆ ಕೊರಡಿನಿಂದ ಹೊಡೆದು ಕಟ್ಟಿಗೆ ಸೀಳುವವರು ಜೋಕೆಯಾಗಿರಬೇಕು. ಹಿಮಾಲಯದ ಸ್ನೇಹಿತರ ವಾದಕ್ಕೆ ಇಲ್ಲಿ ಬಲವಿದೆ. ಇದಕ್ಕಿಂತ ನಾಲ್ಕೈದು ಮಡಿ ಕೊಟ್ಟರೆ ಹಿಡಿಯ ತುದಿಯವರೆಗೂ ಒಂದೇ ಉಕ್ಕಿನ ಪಟ್ಟಿ, ತುಕ್ಕು ಹಿಡಿಯದ ಅಲಗು, ಜಗ್ಗದ ಒರೆ ದೊರೆಯುತ್ತವೆ. ಅಲ್ಲಿಯವರೆಗೆ ಬೆಲೆ ಏರಿದಂತೆ ಗುಣವೂ ಏರುತ್ತದೆ. ಕೊಟ್ಟ ಹಣಕ್ಕೆ ಲೆಕ್ಕ ಸಿಕ್ಕುತ್ತದೆ.

ಅದರಾಚೆಗೆ ಲೆಕ್ಕದ ಭಾಷೆ ಬದಲಾಗುತ್ತದೆ. ಉಕ್ಕಿನ ಪುಡಿಯಿಂದ ತಯಾರಾದ ನವೀನ ಉಕ್ಕುಗಳು ಹರಿತವನ್ನು ಬಹುಕಾಲ ಉಳಿಸಿಕೊಳ್ಳುತ್ತವೆ, ನಿಜ. ಆದರೆ ಒಮ್ಮೆ ಮೊಂಡಾದರೆ ಮನೆಯ ಮಸೆಗಲ್ಲಿಗೆ ಬಗ್ಗುವುದಿಲ್ಲ, ವಜ್ರದ ಪುಡಿಯ ಹಲಗೆ ಬೇಕಾಗುತ್ತದೆ. ಅಲಗಿನ ಮೇಲೆ ನೀರಿನ ಅಲೆಗಳಂಥ ಚಿತ್ತಾರವಿರುವ ಡಮಾಸ್ಕಸ್ ಚೂರಿಗಳಿಗೆ ಇನ್ನೂ ಹೆಚ್ಚು ಬೆಲೆ. ಕನ್ನಡಿಗರಾದ ನಮಗೆ ಆ ಹೆಸರಿನಲ್ಲಿ ಒಂದು ಪಾಲು ಇದೆ. ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿಸಿದ ಉಕ್ಕನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ವಿದ್ವಾಂಸರು ವೂಟ್ಜ್ ಎಂದು ಕರೆದು ಪರೀಕ್ಷಿಸಿದರು. ಆ ಪದ ನಮ್ಮ ಉಕ್ಕು ಎಂಬುದರ ಅಪಭ್ರಂಶವೆಂದು ಬಹುಮಂದಿ ಬಲ್ಲವರ ಮತ. ಆ ಉಕ್ಕಿನ ಚಿತ್ತಾರ ಅದರ ಒಡಲಿನ ರಚನೆಯಿಂದಲೇ ಮೂಡುತ್ತಿತ್ತು. ಇಂದು ಡಮಾಸ್ಕಸ್ ಎಂದು ಮಾರುವುದು ಬಹುಮಟ್ಟಿಗೆ ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು, ಆಮ್ಲದಲ್ಲಿ ಅದ್ದಿ ಗೆರೆ ಎಬ್ಬಿಸಿದ್ದು. ನೋಟ ಚೆಲುವಾದದ್ದು, ಶ್ರಮವೂ ಸುಳ್ಳಲ್ಲ. ಆದರೆ ಚಿತ್ತಾರ ಹಗ್ಗವನ್ನು ಕೊಯ್ಯುವುದಿಲ್ಲ. ಚಿನ್ನದ ಕತ್ತಿಯೆಂದು ಕುತ್ತಿಗೆ ಕೊಯ್ದುಕೊಳ್ಳಬಹುದೇ ಎಂದು ಕೇಳಿದ ನಮ್ಮ ಹಿರಿಯರು ಇದನ್ನು ಬಲ್ಲವರೇ.

ಹಾಗೆಂದು ಕೈಕೆಲಸಕ್ಕೆ ಬೆಲೆಯೇ ಇಲ್ಲವೆನ್ನಲಾರೆ. ೧೯೫೦ರ ದಶಕದಲ್ಲಿ ಬಾಬ್ ಲವ್‌ಲೆಸ್ ಎಂಬ ಹಡಗಿನ ಯುವಕ ನ್ಯೂಯಾರ್ಕಿನ ಅಂಗಡಿಯೊಂದಕ್ಕೆ ರಾಂಡಲ್ ಚೂರಿ ಕೊಳ್ಳಲು ಹೋದ. ತಿಂಗಳುಗಟ್ಟಲೆ ಕಾಯಬೇಕೆಂದರು. ಆತ ಕಾಯಲಿಲ್ಲ, ಹಳೆಯ ಪ್ಯಾಕಾರ್ಡ್ ಕಾರೊಂದರ ಸ್ಪ್ರಿಂಗನ್ನು ತಂದು ತಾನೇ ಒಂದನ್ನು ಬಡಿದುಕೊಂಡ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು ಮಾಡುವ ನಮ್ಮ ಹಳ್ಳಿಯ ಕಮ್ಮಾರರನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ. ಮುಂದೆ ಅವನೇ ಅಮೆರಿಕದ ಅತ್ಯಂತ ಪ್ರಸಿದ್ಧ ಚೂರಿಗಾರರಲ್ಲಿ ಒಬ್ಬನಾದ. ೨೦೧೦ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಅವನ ಚೂರಿಗಳು ಸಾವಿರಾರು ಡಾಲರುಗಳಿಗೆ ಕೈ ಬದಲಾಯಿಸುತ್ತಿದ್ದವು. ಆ ಬೆಲೆ ಹರಿತಕ್ಕಲ್ಲ, ಒಬ್ಬ ಮನುಷ್ಯನ ಬಾಳಿನ ಶ್ರದ್ಧೆಗೆ. ಅದನ್ನು ತಿಳಿದು ಕೊಡುವವರು ಮೋಸ ಹೋದವರಲ್ಲ. ಹರಿತಕ್ಕೆಂದು ಭಾವಿಸಿ ಕೊಡುವವರು ಮಾತ್ರ ಮುಂದೊಂದು ದಿನ ಗೊಣಗುತ್ತಾರೆ.

ಈಗ ನನ್ನ ಎರಡನೆಯ ಚೂರಿಯ ಮಾತು. ಅದು ನಾನು ಕೊಂಡದ್ದಲ್ಲ. ಅಮೆರಿಕದಲ್ಲಿ ನೆಲೆಸಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೂರು ವರ್ಷ ಸರದಿ ಕಾದು ಪಡೆದು, ನಾನು ನಿವೃತ್ತನಾದಾಗ ತಂದುಕೊಟ್ಟದ್ದು. ಪೆಟ್ಟಿಗೆ ತೆರೆದು ನೋಡಿದಾಗ ನನಗೆ ಸಂತೋಷಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಜಿಂಕೆಯ ಕೊಂಬಿನಂತೆ ಒರಟಾಗಿ ಕಡೆದ ಹಿಡಿ, ಮುಖ ಕಾಣುವ ಅಲಗು. ಇದನ್ನು ಕೆಸರಿಗೆ ಒಯ್ಯುವುದುಂಟೇ? ಎಣ್ಣೆ ಸವರಿ ಸೆಳೆಖಾನೆಯಲ್ಲಿಟ್ಟೆ. ಐದು ವರ್ಷ ಅಲ್ಲೇ ಇತ್ತು. ಸಂಗ್ರಾಹಕರನ್ನು ಗೇಲಿ ಮಾಡುತ್ತಿದ್ದ ನಾನೇ ಸಂಗ್ರಾಹಕನಾಗಿದ್ದೆ.

ಕಳೆದ ಚಳಿಗಾಲದಲ್ಲಿ ಅವನು ಊರಿಗೆ ಬಂದಾಗ ಇಬ್ಬರೂ ಆಗುಂಬೆಯ ಕಡೆಗೆ ಹೋದೆವು. ಬಿದ್ದ ಬೆತ್ತದ ತುಂಡೊಂದನ್ನು ಸೀಳಿ ನಾಳಗಳನ್ನು ನೋಡಬೇಕೆಂದು ಚೂರಿ ಕೇಳಿದ. ನಾನು ಸ್ವೀಡನ್ನಿನದನ್ನು ಕೊಟ್ಟೆ. ಅವನು ಅದನ್ನು ನೋಡಿ, ನನ್ನನ್ನು ನೋಡಿ, ಇನ್ನೊಂದು ಎಲ್ಲಿ ಎಂದು ಕೇಳಿದ.

“ಮನೆಯಲ್ಲಿ ಜೋಪಾನವಾಗಿದೆಯಪ್ಪ. ಒಂದು ಗೀರೂ ಬಿದ್ದಿಲ್ಲ” ಎಂದೆ. ಅವನಿಗೆ ಸಂತೋಷವಾಗುವುದೆಂದು ಎಣಿಸಿದ್ದೆ.

ಅವನು ಬೆತ್ತವನ್ನು ಸೀಳುತ್ತ ತಲೆಯೆತ್ತದೆ ಹೇಳಿದ: “ಮೊದಲ ವರ್ಷದ ತರಗತಿಯಲ್ಲಿ ನನ್ನ ಕೈಗೆ ನಿಮ್ಮ ಕ್ಷೌರದ ಅಲಗನ್ನು ಕೊಟ್ಟಿರಿ, ಸಾರ್. ಮೊಂಡಾದೀತೆಂದು ನಾನು ಹಿಂಜರಿದೆ. ಮೊಂಡಾಗಲಿ, ಅದಕ್ಕೇ ಅದು ಇರುವುದು ಎಂದಿರಿ. ಆ ಮಾತಿಗೆ ಪ್ರತಿಯಾಗಿ ನಾನು ಕೊಟ್ಟದ್ದು ಅದು.”

ಆ ದಿನ ಮತ್ತೆ ಅದರ ಪ್ರಸ್ತಾಪ ಬರಲಿಲ್ಲ. ನನಗೆ ಮಾತ್ರ ದಾರಿಯುದ್ದಕ್ಕೂ ನಾಚಿಕೆ. ನಾನು ಜೋಪಾನವಾಗಿಟ್ಟದ್ದು ಬೆಲೆಯನ್ನು. ಅವನು ಕೊಟ್ಟದ್ದು ಚೂರಿಯನ್ನು.

ಅವನು ಹಿಂತಿರುಗುವುದಕ್ಕೆ ಮುಂಚೆ ಇನ್ನೊಮ್ಮೆ ಹೊರಟೆವು. ಈ ಸಲ ನನ್ನ ಸೊಂಟದಲ್ಲಿ ಅದೇ ಇತ್ತು. ಬಂಡೆಯ ಮೇಲಿನ ಕಲ್ಲುಹೂವನ್ನು ಕೆರೆದು ತೋರಿಸುವಾಗ ಮೊನೆಯ ಬಳಿ ಒಂದು ಗೀರು ಬಿತ್ತು, ಉಗುರಿನಷ್ಟು ಉದ್ದ. ಎದೆ ಒಮ್ಮೆ ಚುರುಕ್ಕೆಂದಿತು. ಆಮೇಲೆ ಕೈ ಹಗುರಾಯಿತು. ಅಂದಿನಿಂದ ಅದು ನನ್ನ ಜೊತೆಗಿದೆ.

ಬಳಸಿದ ಮೇಲೆ ನನ್ನ ಅಭಿಪ್ರಾಯವನ್ನು ಹೇಳುವ ಅಧಿಕಾರ ಬಂದಿದೆ ಎಂದುಕೊಳ್ಳುತ್ತೇನೆ. ಅದು ಸ್ವೀಡನ್ನಿನ ಚೂರಿಗಿಂತ ಇಪ್ಪತ್ತು ಮಡಿ ಚೆನ್ನಾಗಿ ಕೊಯ್ಯುವುದಿಲ್ಲ. ಸೌತೆಕಾಯಿಯ ಮಟ್ಟಿಗೆ ಸ್ವೀಡನ್ನಿನದೇ ಮೇಲು. ಗಟ್ಟಿ ಕಟ್ಟಿಗೆಯಲ್ಲಿ ಇದರ ಹರಿತ ಇನ್ನೊಂದು ದಿನ ಹೆಚ್ಚು ಉಳಿಯುತ್ತದೆ; ಬಹಳ ಹೊತ್ತು ಕೆತ್ತಿದರೂ ಅಂಗೈ ಬೊಬ್ಬೆಯೇಳುವುದಿಲ್ಲ; ಹಿಡಿ ಅಲುಗೀತೆಂಬ ಶಂಕೆಯಿಲ್ಲ. ವಿದ್ಯಾರ್ಥಿಗಳು ಕೇಳಿದರೆ ಮೊದಲು ಅಗ್ಗದ್ದನ್ನು ಕೊಂಡು, ಮಸೆಯುವುದನ್ನು ಕಲಿಯಿರಿ ಎನ್ನುತ್ತೇನೆ. ಮಸೆಯಲು ಬಾರದವನ ಕೈಯಲ್ಲಿ ಎರಡೂ ಒಂದೇ ವಾರದಲ್ಲಿ ಸಮನಾಗುತ್ತವೆ. ಒಂದನ್ನು ಸವೆಸಿದ ಮೇಲೂ ಆಸೆ ಉಳಿದಿದ್ದರೆ, ಹೆಚ್ಚಿನದನ್ನು ಕೊಳ್ಳಲಿ, ಆದರೆ ಕೊಂಡ ವಾರದಲ್ಲೇ ಅದರ ಮೇಲೆ ಒಂದು ಗೀರು ಬೀಳಲಿ.

ಮೊನ್ನೆ ಭಾನುವಾರ ಎರಡನ್ನೂ ಒಂದೇ ಕಲ್ಲಿನ ಮೇಲೆ ಮಸೆದೆ. ಆ ಗೀರು ಇನ್ನೂ ಇದೆ. ಉಜ್ಜಿದರೆ ಹೋದೀತು; ಉಜ್ಜಲಿಲ್ಲ. ಅವನು ಮತ್ತೆ ಬಂದಾಗ ತೋರಿಸಬೇಕು.